ಕಡಲ ನಡುವೆ ರೊಟ್ಟಿಯ ಸಪ್ಪಳ

ದೋಣಿ ದಂಡೆಯಿಂದ ದೂರ ಬಂದ ಮೇಲೆ ಅವ್ವ ಬುತ್ತಿಗಂಟು ಬಿಚ್ಚಿದಳು. ಕಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಗಾಳದ ದಾರ ಹಿಡಿದು ಕೂತಿದ್ದ ಅಂಬಿಗನ ಹೆಂಡತಿ ಆ ವಾಸನೆಗೆ ಗಕ್ಕನೆ ನಮ್ಮತ್ತ ತಿರುಗಿದಳು.

"ಯಾವ ಊರವ್ರಿ ಅಕ್ಕಾರ ನೀವು?"

ಕೊಂಕಣದ ಮಾಲ್ವಣದ ಕಡಲಿನಲ್ಲಿ ಕನ್ನಡ! ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದಿಂದ ಸಮುದ್ರ ನೋಡಲು ಹೋದ ನಾವು ಅಲ್ಲಿಯವರೆಗೆ ಆಕೆಯೊಂದಿಗೆ ಮರಾಠಿಯಲ್ಲೇ ಮಾತಾಡಿದ್ದೆವು. ಆಕೆ ನಮ್ಮ ಸೊಲ್ಲಾಪುರದ ಕಡೆಯ ದುಧನಿಯವಳಂತೆ. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದಾಗ ಲಗ್ನವಾಗಿ, ಅವನು ಗಿರಣಿ ಬಿಟ್ಟು ತನ್ನೂರು ಮಾಲ್ವಣಕ್ಕೆ ಮರಳಿದಾಗ ಜೊತೆಗೆ ಬಂದವಳು. ಮತ್ತೆ ತವರಿಗೆ ಹೋಗಿರಲೇ ಇಲ್ಲ.

ಮೀನಿನ ನಾತಕ್ಕೆ ದೋಣಿ ಹತ್ತಿದಾಗಿನಿಂದ ಮೂಗಿಗೆ ಸೆರಗು ಹಿಡಿದಿದ್ದ ಅವ್ವ ಸೆರಗು ಬಿಟ್ಟು ರೊಟ್ಟಿ ಚಾಚಿದಳು. ಮೀನು ಮುಟ್ಟಿದ ಕೈಯೆಂದು ಆಕೆ ಹಿಂದೆ ಸರಿದಳು. ಅವ್ವ ಕೇಳಲಿಲ್ಲ. ಆ ಕೈಯನ್ನೇ ಹಿಡಿದೆಳೆದು, ಹಿಂಡಿ ಸವರಿದ ರೊಟ್ಟಿ ಇಟ್ಟಳು.

ಆಕೆ ತಿನ್ನಲಿಲ್ಲ, ಮೊದಲು ಮೂಸಿ ನೋಡಿದಳು. ದೋಣಿಯ ಮಗ್ಗುಲಿಗೆ ಪಟಪಟ ಬಡಿಯುತ್ತಿದ್ದ ನೀರು ತೋರಿಸಿ, "ನಸುಕಿನ್ಯಾಗ ದೋಣ್ಯಾಗ ಕಣ್ಣ ಹತ್ತಿದ್ರ, ಈ ಸಪ್ಪಳಕ್ಕ ನಮ್ಮವ್ವ ರೊಟ್ಟಿ ಬಡ್ಯಾಕತ್ಯಾಳ ಅನಸ್ತದರಿ. ಕಣ್ಣ ತೆರದ್ರ ಬರೇ ನೀರು" ಅಂದಳು.

ಊರಿಗೆ ಬಂದ ಮೇಲೆ, ರೊಟ್ಟಿ ಬಡಿಯುತ್ತಾ ಅವ್ವ ಒಮ್ಮೊಮ್ಮೆ ಕೈ ನಿಲ್ಲಿಸುತ್ತಿದ್ದಳು. ಆಮೇಲೆ ಮತ್ತೆ ಬಡಿಯತೊಡಗುತ್ತಿದ್ದಳು, ಮೊದಲಿಗಿಂತ ಜೋರಾಗಿ, ಅಷ್ಟು ದೂರಕ್ಕೂ ಕೇಳಿಸಲಿ ಎಂಬಂತೆ.