ಹೆಂಡತಿ ತುಂಬಿದ ನನ್ನ ಫಾರಂ

ಗೆಳೆಯರೇ, ಇವತ್ತು ದಾಸರಹಳ್ಳಿಯ ಆಸ್ಪತ್ರೆಯಲ್ಲಿ ಎಲ್ಲರೆದುರೇ ನನಗೂ ಹೆಂಡತಿಗೂ ಜಗಳವಾಯಿತು. ನನಗೆ ಹೃದಯದ ಬೈಪಾಸ್ ಆಪರೇಷನ್ ಆಗಿ ಎರಡು ತಿಂಗಳು. ವ್ಯಾಯಾಮ ಮಾಡಿಸಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದೇನೆ. ಇಂದು ಫಿಸಿಯೋಥೆರಪಿಸ್ಟ್ ಹುಡುಗಿ ಮನಸ್ಸಿನ ಬಗ್ಗೆ ಒಂದು ಫಾರಂ ಕೊಟ್ಟಳು. ಬೇಸರವೇ? ಇಲ್ಲ. ನಿದ್ದೆಗೆ ತೊಂದರೆಯೇ? ಇಲ್ಲ. ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕಿ ಎದ್ದೆ.

ಹೆಂಡತಿ ಕಸಿದುಕೊಂಡು ಓದಿದಳು. "ಏನ್ರೀ ಈ ಸುಳ್ಳು? ನಿದ್ದೆ ಇಲ್ದೆ ಹಾಲ್‌ನಲ್ಲಿ ಓಡಾಡ್ತಾನೇ ಇರ್ತೀರ. ಮೊನ್ನೆ ಮಾತ್ರೆ ಯಾಕೆ ನುಂಗಬೇಕು ಅಂದ್ರಿ."

"ಮೂವತ್ತು ವರ್ಷ ಪೀಣ್ಯದ ಫ್ಯಾಕ್ಟರೀಲಿ ಲೇತ್ ಮಿಷನ್ ಓಡಿಸಿದೋನು ಕಣೇ. ನಂಗೇನಾಗಿದೆ?" ಎಂದು ರೇಗಿದೆ.

ಅವಳು ಇನ್ನೊಂದು ಫಾರಂ ಕೇಳಿ ಪಡೆದು ತಾನೇ ತುಂಬಿದಳು.

"ಯಾವುದನ್ನ ಇಟ್ಕೊಳ್ಳಲಿ ಸಾರ್?" ಎಂದಳು ಹುಡುಗಿ. "ಆಪರೇಷನ್ ಆದ್ಮೇಲೆ ತುಂಬಾ ಜನಕ್ಕೆ ಹಿಂಗಾಗುತ್ತೆ. ಹೇಳಿದ್ರೆ ತಾನೇ ನಾವು ನೋಡೋದು?"

ಹೆಂಡತಿಯ ಫಾರಂ ನೋಡಿದೆ. 'ಬದುಕಿ ಏನು ಪ್ರಯೋಜನ ಅನಿಸುತ್ತದೆಯೇ' ಎಂಬ ಒಂದನ್ನು ಮಾತ್ರ ಅವಳು ಖಾಲಿ ಬಿಟ್ಟಿದ್ದಳು. ಪೆನ್ನು ತೆಗೆದುಕೊಂಡು 'ಕೆಲವು ದಿನ' ಎಂದು ನಾನೇ ಗುರುತು ಹಾಕಿದೆ. ಅವಳು ನನ್ನ ತೋಳು ಹಿಡಿದುಕೊಂಡಳು.

ಸೋಮವಾರ ಮನೋವೈದ್ಯರನ್ನು ಕಾಣಬೇಕಂತೆ. ಇದನ್ನು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಓಡಾಡಿದ್ದೇನೆ. ಬೇರೆಯವರ ಕೈಲಿ ಪರೀಕ್ಷೆ ಬರೆಸಿ ಪಾಸಾದವರನ್ನು ಕಂಡಿದ್ದೇನೆ. ಹಾಗೆ ಬರೆಸಿ ಫೇಲಾಗಿ, ಮನಸ್ಸು ಹಗುರಾದವನು ನಾನೊಬ್ಬನೇ ಇರಬೇಕು.