ಪಾರ್ಕಿನಲ್ಲಿ ನಾನು ಕಿತ್ತ ಆಲೆ ಗಿಡ

ಸ್ನೇಹಿತರೇ, ಇವತ್ತು ಬೆಳಗ್ಗೆ ಚನ್ನಪಟ್ಟಣದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಎಲ್ಲರೂ ಸೇರಿ ಲಂಟಾನ ಕೀಳುತ್ತಿದ್ದೆವು. ಹೊರದೇಶದಿಂದ ಬಂದು ಬೇರೆ ಗಿಡಗಳನ್ನು ಬದುಕಗೊಡದ ಪೊದೆ ಅದು. ನನ್ನ ಹುರುಪು ಕೇಳಬೇಕೇ! ಪಕ್ಕದ ಸಸಿಯೊಂದನ್ನೂ ಕಿತ್ತು ರಾಶಿಗೆ ಎಸೆದೆ.

ಬೊಂಬೆ ಕೆಲಸದ ಬಾಷಣ್ಣ ಗುದ್ದಲಿ ಬಿಟ್ಟು ಓಡಿಬಂದು ಅದನ್ನು ಎತ್ತಿಕೊಂಡರು. ಮುರಿದ ಎಲೆಯಿಂದ ಹಾಲು ಜಿನುಗುತ್ತಿತ್ತು.

"ಏನ್ ಮೇಡಮ್, ಆಲೆ ಗಿಡನೇ ಕಿತ್ತಾಕ್‌ಬುಟ್ರಲ್ಲ! ನಮ್ ಬೊಂಬೆ ಎಲ್ಲಾ ಈ ಮರದ್ದೇ ಅಲ್ವಾ?"

"ಗೊತ್ತಾಗ್ಲಿಲ್ಲ ಬಾಷಣ್ಣ. ಮತ್ತೆ ನೆಟ್ರೆ ಬದುಕುತ್ತಾ?"

"ನೋಡಾನ, ಒಸಿ ನೀರು ತನ್ನಿ" ಎಂದು ಅವರೇ ಗುಂಡಿ ತೆಗೆದರು.

ನಮ್ಮ ಮನೆಯ ಶೋಕೇಸಿನ ತುಂಬ ಆಲೆ ಮರದ ಬೊಂಬೆಗಳಿವೆ. ಬಂದವರಿಗೆಲ್ಲ ನಮ್ಮೂರಿನವು ಎಂದು ತೋರಿಸುತ್ತೇನೆ. ಆ ಗಿಡವನ್ನು ನಾನು ನೋಡಿದ್ದು ಮಾತ್ರ ಇವತ್ತೇ, ಅದೂ ಬೇರುಸಮೇತ.