ತಳ ಹತ್ತಿದ ಅನ್ಯೋನ್ಯತೆ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಚರ್ಚಿಗೆ ಹೋಗುವವರಿಗೆ ಅದರ ಅಭ್ಯಾಸ ಇರುತ್ತದೆ. ಅಫಜಲಪುರದ ನಮ್ಮ ಪುಟ್ಟ ಸಭೆಗೆ ಅನ್ಯೋನ್ಯತಾ ಸಮಿತಿ ಎಂಬುದೊಂದಿದೆ. ಹನ್ನೊಂದು ವರ್ಷಗಳಿಂದ ನಾನು ಅದರ ಕಾರ್ಯದರ್ಶಿ. ಪ್ರತಿ ಚಳಿಗಾಲ ಸಭೆಯವರನ್ನು ಭೀಮಾ ದಂಡೆಗೆ ಕರೆದೊಯ್ದು, ಹಾಡಿಸಿ, ಆಡಿಸಿ, ಉಣ್ಣಿಸಿ ಮನೆ ಮುಟ್ಟಿಸಿದ್ದೇನೆ. ‘ಉಣ್ಣಿಸಿ’ ಅಂದೆನಲ್ಲ, ಅದು ಸುಳ್ಳು. ಉಣ್ಣಿಸಿದವರು ಬೇರೆಯವರು. ಹನ್ನೊಂದು ವರ್ಷಗಳಲ್ಲಿ ನಾನು ಒಂದು ಸೌಟು ಕೂಡ ತೊಳೆದವನಲ್ಲ.

ವಾರವಾರ ಒಂದೇ ಸೂರಿನಡಿ ಕೂಡುವ ಜನಕ್ಕೆ ಒಂದಾಗಲು ಹೊಳೆಯ ದಂಡೆಯೇ ಏಕೆ ಬೇಕು ಎಂದು ನೀವು ಕೇಳಬಹುದು. ನೀವು ನಮ್ಮ ಭಾನುವಾರ ನೋಡಿಲ್ಲ. ಗಂಡಸರು ಈ ಬದಿ, ಹೆಂಗಸರು ಆ ಬದಿ. ಆರಾಧನೆ ನಡೆಯುವಾಗ ಮಾತಾಡಿದರೆ ಪಾಪ. ಮುಗಿದ ಮೇಲೆ ಮಾತಾಡಲು ಪುರುಸೊತ್ತಿಲ್ಲ, ಯಾಕೆಂದರೆ ಬೆಳಿಗ್ಗೆಯೇ ತಂದಿಟ್ಟ ಮಟನ್ ಮನೆಯಲ್ಲಿ ಕಾಯುತ್ತಿರುತ್ತದೆ. ಬಾಗಿಲಲ್ಲಿ ಕೈ ಕುಲುಕುತ್ತ ‘ವಂದನಾರಿ, ವಂದನಾರಿ’ ಅನ್ನುತ್ತೇವೆ, ಅಷ್ಟರಲ್ಲಿ ಕಾಲು ತನ್ನ ಪಾಡಿಗೆ ಚಪ್ಪಲಿ ಹುಡುಕುತ್ತಿರುತ್ತದೆ. ಹೀಗಾಗಿ ನಮಗೆ ಪ್ರೀತಿ ಮಾಡಲು ವರ್ಷಕ್ಕೊಂದು ದಿನ ಗೊತ್ತು ಮಾಡಿ, ಅದಕ್ಕೊಂದು ಗಾಡಿ ಹೇಳಬೇಕಾಗುತ್ತದೆ.

ನನ್ನ ಅಜ್ಜ ಕ್ರೈಸ್ತನಾದರೂ ಮಠದ ಕಟ್ಟೆಯ ಮೇಲೆ ಪುರಾಣ ಕೇಳುತ್ತ ಕನ್ನಡ ಕಲಿತವನು. ಒಂದೊಂದು ಶಬ್ದವನ್ನೂ ಶೇಂಗಾ ಸುಲಿದಂತೆ ಸುಲಿದು ಕೈಗೆ ಕೊಡುತ್ತಿದ್ದ. “ಅನ್ಯೋನ್ಯ ಅನ್ನೂದರಾಗ ಅನ್ಯ ಎರಡು ಸಲ ಬಂದದ ನೋಡಪಾ. ನಾವಿಬ್ಬರೂ ಬ್ಯಾರೆ ಬ್ಯಾರೆ ಅದೇವಿ ಅಂತ ಮೊದಲ ಒಪ್ಕೋಬೇಕು. ಕೂಡೂದು ಆಮ್ಯಾಲ” ಎನ್ನುತ್ತಿದ್ದ. ನಮ್ಮ ಸಮಿತಿ ಇದರ ಮೊದಲರ್ಧವನ್ನು ಬಹಳ ಚೆನ್ನಾಗಿ ನಡೆಸಿಕೊಂಡು ಬಂದಿದೆ. ಒಂದು ವರ್ಷ ಆಳಂದ, ಜೇವರ್ಗಿ ಸಭೆಗಳನ್ನೂ ಕರೆದು ಮೂರು ತಾಲ್ಲೂಕಿನ ಕೂಟ ಮಾಡಿದ್ದೆವು. ಆಳಂದದವರು ಒಂದು ಬೇವಿನ ಮರ ಹಿಡಿದರು, ಜೇವರ್ಗಿಯವರು ಇನ್ನೊಂದು. ನಾವು ಆತಿಥೇಯರು, ನಮಗೆ ಜಾಲಿಮರ ಉಳಿಯಿತು. ಮೂರೂ ಕಡೆಯಿಂದ ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹಾಡನ್ನು ಏರುದನಿಯಲ್ಲಿ ಹಾಡಿ, ಯಾರ ಹಾಡು ಜೋರಾಯಿತೆಂದು ತೀರ್ಪು ಕೇಳಿದೆವು. ಅದು ಇನ್ನೂ ಇತ್ಯರ್ಥವಾಗಿಲ್ಲ.

ಇಷ್ಟೆಲ್ಲ ಹಾಡು, ನಿಂಬೆಹಣ್ಣಿನ ಓಟ, ಹಗ್ಗ ಜಗ್ಗಾಟ ನಡೆಯುವಾಗ ಒಲೆಯ ಮುಂದೆ ಕೂತಿರುತ್ತಿದ್ದವಳು ನನ್ನ ಸೋದರತ್ತೆ ಕೃಪಾಬಾಯಿ. ನಮ್ಮ ತಂದೆಯ ಅಕ್ಕ; ಸಭೆಯವರೆಲ್ಲರಿಗೂ ಅತ್ತಿ. ಮದುವೆ, ನಾಮಕರಣ, ಮಣ್ಣು ಕೊಟ್ಟ ಮರುದಿನದ ಊಟ, ಯಾವುದಿದ್ದರೂ ಸೌಟು ಅವಳದು. ಆ ಕೈಯ ಸಾರಿಗೆ ಉಪ್ಪು ಸಾಲದು ಎಂದವರನ್ನು ನಾನು ಕಂಡಿಲ್ಲ. ಒಲೆಯ ಸುತ್ತ ಅವಳ ಜೊತೆಗೆ ಉಳಿದ ಹೆಂಗಸರು. ಕಾರ್ಯಕ್ರಮ ಪಟ್ಟಿಯಲ್ಲಿ ‘ಸ್ತ್ರೀಯರ ಪಾಲ್ಗೊಳ್ಳುವಿಕೆ’ ಎಂದು ಪ್ರತಿವರ್ಷ ನಾನು ಬರೆಯುತ್ತಿದ್ದುದು ಇದನ್ನೇ.

ಹೋದ ಡಿಸೆಂಬರಿನಲ್ಲಿ ಆರಾಧನೆ ಮುಗಿದ ಮೇಲೆ ಸಭೆಯವರೆದುರಿಗೇ ಸಮಿತಿ ಕೂತಿತ್ತು. ನಾನು ಪಟ್ಟಿ ಓದಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಈ ಪ್ರಶ್ನೆಯನ್ನು ಉತ್ತರ ಬರಲೆಂದು ಯಾರೂ ಕೇಳುವುದಿಲ್ಲ. ಹೆಂಗಸರ ಬದಿಯಿಂದ ಅತ್ತೆ ಎದ್ದು ನಿಂತಳು, ಒಂದು ಕೈ ಬೆಂಚಿನ ಮೇಲೆ, ಒಂದು ಕೈ ಮೊಣಕಾಲಿನ ಮೇಲೆ.

“ಇಷ್ಟು ವರ್ಷ ಹೊಳಿಗೆ ಬಂದೇನಿ. ಹೊಳಿ ನೋಡಿಲ್ಲ. ಕೊಡದಾಗ ಎಷ್ಟು ಬಂತೋ ಅಷ್ಟೇ ನೋಡೇನಿ. ಈ ಸಲ ನೀರಾಗ ಕಾಲಿಟ್ಟು ಕುಂದರ್ತೇನಿ. ಅಡಗಿ ನೀವ ಮಾಡ್ರಿ.”

“ಮುಂದಿನ ವರ್ಷ ನೋಡೋಣಲ್ಲ ಅತ್ತಿ,” ಎಂದೆ ನಾನು. ಇಂಥ ವಿಷಯಗಳನ್ನು ಮುಂದಿನ ವರ್ಷಕ್ಕೆ ಹಾಕುವುದು ಕಾರ್ಯದರ್ಶಿಯಾದವನ ಮೊದಲ ವಿದ್ಯೆ.

“ಮುಂದಿನ ವರ್ಷ ಈ ಮೊಣಕಾಲು ದಂಡಿ ಇಳಿಯಾಕ ಬಿಡಂಗಿಲ್ಲೋ. ಈಗ ಚರ್ಚಿನ ಮೂರು ಮೆಟ್ಟಲಾ ಹತ್ತೂದ ಕಷ್ಟ ಆಗ್ಯಾದ. ನಿನಗ ಮುಂದಿನ ವರ್ಷ ಅದ, ನನಗಿಲ್ಲ.”

ನಮ್ಮ ಹಿರಿಯರಾದ ಸಮುವೇಲಪ್ಪ ಮಾಸ್ತರರು ನಿವೃತ್ತ ಶಿಕ್ಷಕರು, ಇನ್ನೊಬ್ಬರ ಮಾತನ್ನು ತಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿದರೇ ಅದು ಪೂರ್ತಿಯಾಯಿತೆಂದು ನಂಬಿದವರು. ಅವರು ಎದ್ದು, ಈ ವರ್ಷ ಸ್ತ್ರೀಯರಿಗೆ ಅಡುಗೆಯಿಂದ ಸಂಪೂರ್ಣ ವಿಶ್ರಾಂತಿ ಎಂದು ಸಾರಿದರು. ಠರಾವು ಅವರದೇ ಆಯಿತು. ಚಪ್ಪಾಳೆಯೂ ಅವರಿಗೇ ಬಿತ್ತು. ಅತ್ತೆ ಕೂಡ ಹೊಡೆದಳು. ಕೂಡಲೇ ಉಪಸಮಿತಿಗಳಾದವು: ಉಳ್ಳಾಗಡ್ಡಿಗೆ ಮೂವರು, ಒಲೆಗೆ ಇಬ್ಬರು, ಮಟನ್ ಸಾರಿನ ಮೇಲ್ವಿಚಾರಣೆ ಮಾಸ್ತರರದು, ಅನ್ನ ನನ್ನದು. ರೊಟ್ಟಿ ಬಡಿಯಲು ಗಂಡಸರ ಕೈ ಆಗುವುದಿಲ್ಲವಾದ್ದರಿಂದ, ಎರಡು ದಿನ ಮೊದಲೇ ಒಣಗಿಸಿದ ಕಟಕರೊಟ್ಟಿ ಮಾಡಿಟ್ಟುಕೊಳ್ಳಬೇಕೆಂದು ಹೆಂಗಸರಿಗೇ ಹೇಳಲಾಯಿತು. ಸಂಪೂರ್ಣ ವಿಶ್ರಾಂತಿಯಲ್ಲಿ ಇನ್ನೂರು ರೊಟ್ಟಿ ಹೇಗೆ ಸೇರಿದವೆಂದು ಯಾರೂ ಕೇಳಲಿಲ್ಲ. ಪಾತ್ರೆ ತೊಳೆಯುವುದಕ್ಕೆ ಉಪಸಮಿತಿ ಮಾಡಲು ಮರೆತೆವು. ಮರೆತೆವು ಎನ್ನುವುದು ಕೂಡ ದೊಡ್ಡ ಮಾತು, ಅದು ನಮ್ಮ ತಲೆಗೇ ಬಂದಿರಲಿಲ್ಲ.

ಆ ದಿನ ಬಂತು. ಕರಜಗಿ ದಾರಿಯಲ್ಲಿ ಕಬ್ಬಿನ ಹೊಲ ದಾಟಿದರೆ ದಂಡೆ. ನನ್ನ ಹೆಂಡತಿ ಸುಶೀಲಾ ಒಂದು ಕಡೆ, ನಮ್ಮ ಹೊಸ ಪಾಸ್ಟರ್ ಒಂದು ಕಡೆ ಹಿಡಿದು ಅತ್ತೆಯನ್ನು ಇಳಿಸಿದರು. ನೀರಂಚಿನ ಚಪ್ಪಟೆ ಕಲ್ಲಿನ ಮೇಲೆ ಕೂತು, ಸೀರೆ ಮೀನಖಂಡದವರೆಗೆ ಎತ್ತಿಕೊಂಡು, ಅತ್ತೆ ಎರಡೂ ಕಾಲು ನೀರಿಗೆ ಬಿಟ್ಟಳು. “ಅಯ್ಯೋ ಯಪ್ಪಾ, ಥಂಡ ಅದ!” ಎಂದವಳ ನಗು ಮೇಲೆ ಒಲೆಯ ತನಕ ಕೇಳಿಸಿತು.

ಉಳಿದ ಹೆಂಗಸರಿಗೆ ವಿಶ್ರಾಂತಿ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ. ಸಾಲಾಗಿ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಒಲೆಯ ಕಡೆಗೇ ನೋಡುತ್ತಿದ್ದರು. ನೆರೆಮನೆಯ ಕೂಸು ಅಳುವಾಗ ಎದ್ದು ಹೋಗಲೂ ಆಗದೆ, ಸುಮ್ಮನಿರಲೂ ಆಗದೆ ಕೂರುತ್ತಾರಲ್ಲ, ಹಾಗೆ.

ನಾವು ಟವೆಲು ಸುತ್ತಿಕೊಂಡು ಅಡುಗೆಗೆ ಇಳಿದೆವು. ಅರ್ಧ ಗಂಟೆ ಒಲೆಯ ಕಲ್ಲು ಎಲ್ಲಿಡಬೇಕೆಂಬ ಚರ್ಚೆಗೆ ಹೋಯಿತು. ಆಮೇಲೆ ಅತ್ತೆಯ ಹತ್ತಿರ ನಿಯೋಗಗಳು ಹೊರಟವು. ಉಳ್ಳಾಗಡ್ಡಿಯವನು ಕಣ್ಣೀರು ಸುರಿಸುತ್ತ ಹೋಗಿ, ಸಣ್ಣಗೆ ಹೆಚ್ಚಬೇಕೋ ದಪ್ಪಗೋ ಎಂದು ಕೇಳಿದ. ಮಾಸ್ತರರು ಉಪ್ಪು ಎಷ್ಟು ಎಂದು ಕೇಳಿಸಿದರು.

“ನಾಲಗಿ ಅದಲ್ಲ ಮಾಸ್ತರಗ? ಭಾಷಣ ಮಾಡಾಕಷ್ಟೇ ಇಟ್ಕೊಂಡಾರೇನು?” ಎಂಬ ಉತ್ತರ ಬಂತು.

ಕೊನೆಗೆ ಪಾಸ್ಟರೇ ಹೋದರು. ಬೀದರ ಕಡೆಯ ಮೆತ್ತನೆಯ ಮನುಷ್ಯ. ಯಾರ ಮನಸ್ಸನ್ನೂ ನೋಯಿಸಲಾರರು. “ಆಯಿ, ಬರೇ ಒಂದು ಸಲ ಬಂದು ನೋಡಿ ಹೋಗ್ರಿ. ಕೈ ಹಚ್ಚಬ್ಯಾಡ್ರಿ, ನಿಂತು ನೋಡ್ರಿ ಸಾಕು.”

ಅತ್ತೆ ಕಲ್ಲಿನಿಂದ ಅರ್ಧ ಎದ್ದಳಂತೆ. ಇದನ್ನು ನನಗೆ ಆಮೇಲೆ ಮೂರು ಸಲ ಹೇಳಿದವಳು ಸುಶೀಲಾ. ಎದ್ದದ್ದು ಮನಸ್ಸಲ್ಲ, ಮೈ. ಕರೆದರೆ ಏಳುವುದು ಆ ಮೈಗೆ ಅಷ್ಟು ರೂಢಿ. ಸುಶೀಲಾ ಸೆರಗು ಹಿಡಿದು ಜಗ್ಗಿ ಕೂರಿಸಿ, ಪಾಸ್ಟರಿಗೆ, “ಅತ್ತಿ ನೋಡಾಕ ಬಂದ್ರ ಸೌಟು ಕೈಯಾಗ ಬರತದರಿ. ಸೌಟು ಬಂತಂದ್ರ ಹೊಳಿ ಹೋತು. ನೀವು ನಡೀರಿ,” ಎಂದಳಂತೆ. ಪಾಸ್ಟರು ವಂದನೆ ಹೇಳಿ ವಾಪಸಾದರು.

ಇನ್ನು ನನ್ನ ಅನ್ನ. ದೊಡ್ಡ ತಪೇಲಿಯಲ್ಲಿ ನೀರು ಕುದಿದು, ಅಕ್ಕಿ ಬಿದ್ದು, ಇನ್ನೇನು ನೀರು ಇಂಗುತ್ತಿತ್ತು. ಕೆಳಗೆ ತೊಗರಿ ಕಟ್ಟಿಗೆ. ನಮ್ಮ ಕಡೆ ತೊಗರಿ ಕಟ್ಟಿಗೆಗೆ ಬರವಿಲ್ಲ, ಆದರೆ ಅದರ ಉರಿ ಭಗ್ಗೆನ್ನುವ ಜಾತಿಯದು, ಕಣ್ಣಿಟ್ಟು ಕಾಯಬೇಕು. ಅದೇ ಹೊತ್ತಿಗೆ ಮಾಸ್ತರರು, “ಗಂಡಸರು ಮೊದಲನೇ ಸಲ ಅಡಗಿ ಮಾಡಾಕತ್ತೇವಿ. ಇದನ್ನು ಕರ್ತನ ಕೈಗೆ ಒಪ್ಪಿಸೋಣು,” ಎಂದು ಕೈಯೆತ್ತಿದರು.

ಹೆಂಗಸರಾದರೆ ಪ್ರಾರ್ಥನೆಗೆ ಮೊದಲು ಉರಿ ಹಿಂದಕ್ಕೆಳೆಯುತ್ತಾರೆ. ನಾವು ಕಣ್ಣು ಮುಚ್ಚಿದೆವು.

ಮಾಸ್ತರರ ಪ್ರಾರ್ಥನೆ ಕೇಳಿದವರಿಗೆ ಅದರ ದಾರಿ ಗೊತ್ತು. ಅದು ದೇಶದಿಂದ ಹೊರಡುತ್ತದೆ. ಮಳೆ ಬೆಳೆ ವಿಚಾರಿಸಿ, ಆಸ್ಪತ್ರೆಯಲ್ಲಿರುವವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಆಳಂದ ಸಭೆಯ ಗೋಡೆ, ಜೇವರ್ಗಿ ಸಭೆಯ ಮಾಡು ನೋಡಿಕೊಂಡು, ಮಹಾರಾಷ್ಟ್ರಕ್ಕೆ ತಾಗಿದ ಖಜೂರಿಯ ಗಡಿ ತನಕ ಹೋಗಿ ಬರುತ್ತದೆ. ಅದು ಮಳೆಯಲ್ಲಿದ್ದಾಗಲೇ ನನ್ನ ಮೂಗಿಗೆ ವಾಸನೆ ಬಂತು. ಒಂದು ಕಣ್ಣು ತೆರೆದೆ. ಎದುರಿಗೆ ಉಳ್ಳಾಗಡ್ಡಿಯವನೂ ಒಂದು ಕಣ್ಣು ತೆರೆದಿದ್ದ. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ನಾಚಿ ಮುಚ್ಚಿಕೊಂಡೆವು. ಮಾತಾಡಿದರೆ ಕಣ್ಣು ತೆರೆದದ್ದು ಗೊತ್ತಾಗುತ್ತದೆ. ಆಮೆನ್ ಆಗುವ ಮೊದಲು ಕೈ ಹಚ್ಚಿದರೆ ಹಿರಿಯರಿಗೆ ಅವಮಾನ. ಹದಿನೈದು ಜನ ಗಂಡಸರು, ಮೂಗು ತೆರೆದು ಕಣ್ಣು ಮುಚ್ಚಿ, ಭಕ್ತಿಯಿಂದ ನಿಂತು ಅನ್ನ ಹತ್ತಿಸಿದೆವು.

ವಾಸನೆ ಹೊಳೆಯ ತನಕ ಇಳಿಯಿತು. ಹೆಂಗಸರ ಸಾಲು ಅತ್ತೆಯ ಮುಖ ನೋಡಿತು.

“ಅತ್ತಿ, ಅನ್ನ ಹತ್ತಾಕತ್ತದ,” ಎಂದಳು ಸುಶೀಲಾ, ಮೆಲ್ಲಗೆ.

ಅತ್ತೆಗೆ ಅದು ಅವಳಿಗಿಂತ ಮೊದಲೇ ಗೊತ್ತಾಗಿತ್ತು. ಎರಡೂ ಕೈಯಿಂದ ಕಲ್ಲಿನ ಅಂಚು ಗಟ್ಟಿಯಾಗಿ ಹಿಡಿದಿದ್ದಳಂತೆ, ಬೆರಳು ಬಿಳುಚಿದ್ದವಂತೆ. ತನ್ನ ಆಯುಷ್ಯದಲ್ಲಿ ಅವಳು ಒಂದು ಅಗುಳೂ ಹತ್ತಲು ಬಿಟ್ಟವಳಲ್ಲ. ಈಗ ಹದಿನೈದು ಸೇರು ಅಕ್ಕಿ ಅವಳ ಮೂಗಿನಡಿ ಕಪ್ಪಾಗುತ್ತಿತ್ತು. ನಡೆದು ಹೋದರೆ ಇಪ್ಪತ್ತು ಹೆಜ್ಜೆ. ಆದರೆ ಈ ದಂಡೆ ಒಮ್ಮೆ ಹತ್ತಿದರೆ ಮತ್ತೆ ಇಳಿಯಲಾಗದೆಂದು ಮೊಣಕಾಲು ಹೇಳುತ್ತಿತ್ತು.

“ಹತ್ತಲಿ,” ಎಂದಳು. ಆಮೇಲೆ ಕಾಲನ್ನು ಇನ್ನಷ್ಟು ಒಳಗೆ ಬಿಟ್ಟಳು.

ಆಮೆನ್ ಬಂದಾಗ ಅನ್ನದ ಕೆಳಭಾಗ ಇದ್ದಲು, ಮೇಲೆ ಅಕ್ಕಿ, ನಡುವೆ ನಾಲ್ಕು ಬೆರಳು ಅನ್ನ ಎನ್ನಬಹುದಾದ ಪದಾರ್ಥ. ಅದನ್ನೇ ಬಗೆದು, ಮಾಸ್ತರರ ಸಾರು ಸುರಿದು, ಬಡಿಸಲು ನಿಂತೆವು. ಠರಾವಿನ ಪ್ರಕಾರ ಹೆಂಗಸರು ಮೊದಲು. ನಾನು ತಾಟು ಹಿಡಿದು ದಂಡೆ ಇಳಿದು ಅತ್ತೆಯ ಮುಂದೆ ನಿಂತೆ. ಮಾಸ್ತರರು ಅರ್ಧ ದಾರಿಗೆ ಬಂದು ನಿಂತಿದ್ದರು, ಕೇಳಿಸುವಷ್ಟು ಹತ್ತಿರ, ಬೈಗುಳ ತಾಗದಷ್ಟು ದೂರ.

ಅತ್ತೆ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಅಗಿದಳು. ಏನೋ ಕಟಕ್ ಎಂದಿತು. ಇನ್ನೊಂದು ತುತ್ತು ತೆಗೆದುಕೊಂಡಳು.

“ಹೆಂಗಾಗ್ಯಾದ ಅತ್ತಿ?”

“ಬಿಸಿ ಅದ,” ಎಂದಳು.

ಅವಳು ವ್ಯಂಗ್ಯ ಮಾಡುತ್ತಿದ್ದಾಳೆಂದು ನಾನು ನಕ್ಕೆ. ಅವಳು ನಗಲಿಲ್ಲ. “ಖರೇನ ಹೇಳ್ತೇನಿ. ಈ ಹೊಳಿ ದಂಡಿ ಮ್ಯಾಲೆ ನಾ ಬಿಸಿದು ಉಂಡಿದ್ದು ಇವತ್ತೇ. ಎಲ್ಲಾರೂ ಉಂಡು ಎದ್ದ ಮ್ಯಾಲೆ ನಾವು ಕೂಡ್ತಿದ್ವಿ, ತಪೇಲಿ ತಣ್ಣಗಾಗಿರ್ತಿತ್ತು. ನಾ ಮಾಡಿದ ಸಾರು ಬಿಸಿ ಇದ್ದಾಗ ಹೆಂಗಿರತದ ಅಂತ ನಿಮಗ ಗೊತ್ತು, ನನಗ ಗೊತ್ತಿಲ್ಲ ನೋಡು.”

ಅವಳ ಸಾರನ್ನು ಹನ್ನೊಂದು ವರದಿಗಳಲ್ಲಿ ಹೊಗಳಿ ಬರೆದವನು ನಾನು.

ಊಟವಾಯಿತು. ಆಟಗಳು ಆಗಲಿಲ್ಲ, ಯಾಕೆಂದರೆ ತಪೇಲಿ ಇತ್ತು. ಹತ್ತಿದ ತಪೇಲಿ ಒಬ್ಬರಿಂದ ಆಗುವ ಕೆಲಸವಲ್ಲ. ನಾನು, ಪಾಸ್ಟರು, ಉಳ್ಳಾಗಡ್ಡಿಯವರು ಅದನ್ನು ನೀರಿಗಿಳಿಸಿ ಉಸುಕು ಹಾಕಿ ತಿಕ್ಕಿದೆವು. ಮಾಸ್ತರರು ಧೋತರ ಎತ್ತಿ ಕಟ್ಟಿ ಒಳಗೇ ತಲೆ ಹಾಕಿದರು. ಒಳಗಿನಿಂದ ಅವರ ದನಿ ಗುಂಯ್‌ಗುಟ್ಟುತ್ತಿತ್ತು. ಅತ್ತೆ ಕಲ್ಲಿನ ಮೇಲಿಂದ, “ಆ ಮೂಲಿ ಉಳದದ ನೋಡ್ರಿ ಮಾಸ್ತರ, ಭೂಗೋಳ ಕಲಿಸಿದವರಿಗೆ ಮೂಲಿ ಕಾಣಂಗಿಲ್ಲೇನು?” ಎಂದು ದಾರಿ ತೋರಿಸುತ್ತಿದ್ದಳು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಾಸ್ತರರೂ ನಕ್ಕರೆಂದು ತಪೇಲಿಯ ಸದ್ದಿನಿಂದ ತಿಳಿಯಿತು.

ಬಿಸಿಲು ಓರೆಯಾಯಿತು. ಸಾಮಾನು ಗಾಡಿಗೇರಿತು. “ಅತ್ತಿ, ನಡೀ, ಹೊತ್ತಾತು,” ಎಂದು ಕೈ ನೀಡಿದೆ.

“ಇನ್ನೊಂಚೂರು,” ಎಂದಳು.

ಕಾರ್ಯದರ್ಶಿಗೆ ‘ಒಂಚೂರು’ ಎಂಬ ಕಾಲಾವಧಿ ಗೊತ್ತಿಲ್ಲ. ಪಟ್ಟಿಯ ಪ್ರಕಾರ ನಾವು ಆಗಲೇ ಊರಲ್ಲಿರಬೇಕಿತ್ತು. ಆದರೆ ಸುಶೀಲಾ ಪಕ್ಕದಲ್ಲಿ ಕೂತು ಕಾಲು ನೀರಿಗೆ ಬಿಟ್ಟಳು. ಅವಳನ್ನು ನೋಡಿ ಉಳಿದ ಹೆಂಗಸರು ಬಿಟ್ಟರು. ನಿಂತೇ ಇದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಪಾಸ್ಟರು ಪ್ಯಾಂಟು ಮಡಿಚಿ ಕೂತರು, ಮಸಿ ಹತ್ತಿದ ಕೈಯಲ್ಲೇ ಮಾಸ್ತರರು ಕೂತರು, ನಾನೂ ಕೂತೆ. ಈ ಬದಿ ಗಂಡಸರು, ಆ ಬದಿ ಹೆಂಗಸರು ಎಂದು ಯಾರೂ ನೆನಪಿಸಲಿಲ್ಲ. ಹಾಡು ಹೇಳೆಂದೂ ಯಾರೂ ಅನ್ನಲಿಲ್ಲ. ನಮ್ಮ ಸಭೆ ಠರಾವಿಲ್ಲದೆ ಕೂಡಿ ಮಾಡಿದ ಮೊದಲ ಕೆಲಸ ಇದೇ ಇರಬೇಕು, ಮತ್ತು ಅದು ಏನೂ ಮಾಡದೆ ಕೂರುವುದಾಗಿತ್ತು.

ದಂಡೆಯ ಮೇಲಿನಿಂದ ಹಾರ್ನ್ ಕೇಳಿಸಿತು. ಗಾಡಿ ತಂದಿದ್ದ ಮಹಿಬೂಬಸಾಬರಿಗೆ ಮನೆ ಮುಟ್ಟುವ ಅವಸರ. ನಾನು ಏಳಹೋದೆ. ಅತ್ತೆ ಹೊಳೆಯ ಮೇಲಿನ ಕಣ್ಣು ಕೀಳದೆ ನನ್ನ ಅಂಗಿ ಹಿಡಿದು ಕೂರಿಸಿದಳು.

“ಒದರಬ್ಯಾಡ್ರಿ ಅನ್ನು. ಅವರಿಗೂ ಬಂದು ಕಾಲು ತೋಯಿಸ್ಕೋರಿ ಅಂತ ಹೇಳು. ಜಾಗ ಅದ.”